ಗೋಧಿಯ ಮಡಿಯಲ್ಲೊಂದು ಬೆರಕೆ

“ಅಪ್ಪಾವರೇ, ಇನ್ನು ಯಾವ ಗ್ರಂಥ ಓದಿದರೆ ನನಗೆ ಮಾತು ಬಂದೀತು?”

ಗುರುಗಳನ್ನು ಹೀಗೆ ಕೇಳಿದವನು ನಿರಂಜನ, ಮಠದ ಹಿರಿಯ ಶಿಷ್ಯ. ಮರುದಿನ ಸಂಜೆ ಅವನ ಮೊದಲ ಪ್ರವಚನ. ಗುರುಗಳು ಕಲಿಸಿದ್ದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ವ್ಯಾಖ್ಯಾನಗಳನ್ನೂ ತಿರುವಿ ಹಾಕಿದ್ದ. ಪ್ರವಚನಕ್ಕೆಂದು ಬರೆದ ಹಾಳೆ, ಗೀಟುಗಳಿಂದ ತುಂಬಿ, ಅವನ ಕೈಯಲ್ಲೇ ಇತ್ತು. ಆದರೆ ತನ್ನದು ಎನ್ನುವ ಒಂದು ಮಾತೂ ತನ್ನಲ್ಲಿಲ್ಲ ಎಂಬುದು ಅವನ ಕೊರಗು. ನಾಳೆ ಜನರೆದುರು ಬಾಯಿ ಕಟ್ಟಿದರೆ ಮಠ ಬಿಟ್ಟು ಹೋಗುವುದೇ ಸರಿ ಎಂದು ಒಳಗೊಳಗೇ ತೀರ್ಮಾನಿಸಿದ್ದ.

ಗುರುಗಳು ಯಾವ ಗ್ರಂಥದ ಹೆಸರನ್ನೂ ಹೇಳಲಿಲ್ಲ. ಕಾವಿ ತೊಡುವ ಮೊದಲು ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವರು. ಆ ವಿದ್ಯೆ ನೆನಪಾದಾಗ ಅವರ ಮುಖದ ಕಳೆಯೇ ಬೇರೆಯಾಗುತ್ತಿತ್ತು. ಶಿಷ್ಯನನ್ನು ಎದುರಿಗೆ ಕೂರಿಸಿಕೊಂಡು ಹೇಳತೊಡಗಿದರು.

ಒಬ್ಬಳು ವಿಜ್ಞಾನಿ ಇದ್ದಳು. ಅವಳ ಬಳಿ ಒಂದು ಗಿಡ್ಡ ಗೋಧಿಯ ತಳಿ ಇತ್ತು. ಗಿಡ್ಡ ಎಂದರೆ ಮೊಣಕಾಲಿಗೂ ಬಾರದಷ್ಟು ಗಿಡ್ಡ. ನೀರಿಗೆ ಕೊರತೆಯಿಲ್ಲ, ಗೊಬ್ಬರಕ್ಕೆ ಕೊರತೆಯಿಲ್ಲ, ಆದರೂ ಅದು ಮೇಲೇಳದು. ಯಾಕೆ ಏಳದು ಎಂದು ತಿಳಿಯುವುದೇ ಅವಳ ಕೆಲಸ.

ಗಿಡದೊಳಗೆ ಬೆಳವಣಿಗೆಯ ಸುದ್ದಿ ಒಯ್ಯುವ ಹಾರ್ಮೋನು ಇರುತ್ತದೆ. ಅದು ಸಾಲದೇನೋ ಎಂದುಕೊಂಡು ಹೊರಗಿನಿಂದ ಸಿಂಪಡಿಸಿದಳು. ಗೋಧಿ ಜಪ್ಪಯ್ಯ ಅನ್ನಲಿಲ್ಲ. ಎಲೆಗಳನ್ನು ಅರೆದು ಅಳೆದು ನೋಡಿದಳು. ಎತ್ತರದ ಗೋಧಿಗಿಂತ ಇದರಲ್ಲೇ ಹಾರ್ಮೋನು ಹೆಚ್ಚಿತ್ತು. ಸುದ್ದಿ ಬರುತ್ತಿದೆ, ಕೇಳುವವರಿಲ್ಲ. ಹಾಗಾದರೆ ಕೇಳುವ ಜೀನೇ ಸರಿಯಿಲ್ಲವೇನೋ ಎಂದು ಎತ್ತರದ ಗೋಧಿಯಿಂದ ಆ ಜೀನನ್ನು ತಂದು ಸೇರಿಸಿದಳು. ಏನೂ ಆಗಲಿಲ್ಲ. ಇನ್ನೊಂದನ್ನು ಸೇರಿಸಿದಳು. ಏನು ಸೇರಿಸಿದರೂ ಗೋಧಿ ಇದ್ದಷ್ಟೇ ಇತ್ತು.

ಪಕ್ಕದ ಮಡಿಯಲ್ಲಿ ಕೆಲಸ ಮಾಡುವ ಸಹೋದ್ಯೋಗಿ ತಮಾಷೆಯ ಮನುಷ್ಯ. “ನಿಮ್ಮ ಗೋಧಿಗೆ ಕಿವಿ ಮಂದ ಮೇಡಂ. ಬದುವಿನ ಮೇಲೆ ನಿಂತು ಒಂದು ಸಲ ಜೋರಾಗಿ ಕೂಗಿ ನೋಡಿ” ಎನ್ನುತ್ತಿದ್ದ. ಅವಳು ನಕ್ಕುಬಿಡುತ್ತಿದ್ದಳು. ಆದರೆ ಆ ಹಂಗಾಮು ಮುಗಿದರೆ ಅವಳ ಮಡಿ ಅವನ ಪಾಲಿಗೆ ಹೋಗುವುದೆಂದು ಮೇಲಿನವರು ಆಗಲೇ ನಿಶ್ಚಯಿಸಿದ್ದರು. ಅಷ್ಟು ಕಾಲದ ದುಡಿಮೆ ಉತ್ತರವಿಲ್ಲದೆ ಮುಗಿಯುವುದರಲ್ಲಿತ್ತು.

ಅವಳದೊಂದು ಶಿಸ್ತು ಇತ್ತು. ತಳಿ ಶುದ್ಧವಾಗಿ ಉಳಿಯಬೇಕಾದರೆ ಬೆರಕೆ ಕೀಳಬೇಕು. ತೆನೆ ಒಡೆಯುವ ಮೊದಲು ಸಾಲುಗಳ ನಡುವೆ ನಡೆದು, ಉಳಿದವನ್ನು ಮೀರಿ ತಲೆಯೆತ್ತಿದ ಗಿಡವನ್ನು ಬೇರುಸಹಿತ ಕಿತ್ತು ಬದುವಿಗೆ ಎಸೆಯಬೇಕು. ಎಲ್ಲಿಂದಲೋ ಬಂದು ಸೇರಿದ ಬೇರೆ ಬೀಜ ಅದು ಎಂಬುದು ರೂಢಿಯ ಮಾತು. ಈ ಕೆಲಸವನ್ನು ಅವಳು ಯಾರಿಗೂ ಬಿಡುತ್ತಿರಲಿಲ್ಲ. ಕೆಲವು ವರ್ಷ ಒಂದೋ ಎರಡೋ ಸಿಗುತ್ತಿದ್ದವು. ಕಿತ್ತೆಸೆದು ಕೈ ಕೊಡವಿಕೊಂಡು, ಮಡಿ ಈಗ ಒಂದೇ ಸಮನಾಯಿತೆಂದು ನೋಡಿ ಸಂತೋಷಪಡುತ್ತಿದ್ದಳು.

ಆ ಕೊನೆಯ ಹಂಗಾಮಿನಲ್ಲೂ ಒಂದು ಸಾಲಿನ ನಡುವೆ ಒಂದು ಗಿಡ ಉಳಿದವಕ್ಕಿಂತ ಮೊಳ ಮೇಲೆ ನಿಂತಿತ್ತು. ಸಹೋದ್ಯೋಗಿ ತನ್ನ ಮಡಿಯಿಂದಲೇ ಕೂಗಿ ಹೇಳಿದ:

“ಮೇಡಂ, ಬೆರಕೆ ನಿಂತಿದೆ. ಕೀಳಿ, ನನ್ನ ಮಡಿಗೆ ಅಂಟೀತು.”

ಅವಳು ಬುಡಕ್ಕೆ ಕೈ ಹಾಕಿ ಎಳೆದಳು. ಮಣ್ಣು ಬಿರುಕು ಬಿಟ್ಟಿತು. ಅಷ್ಟರಲ್ಲಿ, ಇದು ಯಾವ ಸಾಲು ಎಂಬುದು ತಲೆಗೆ ಹೊಳೆದು ಕೈ ನಿಂತುಹೋಯಿತು. ಆ ಸಾಲಿನ ಬೀಜವೆಲ್ಲ ಒಂದೇ ತೆನೆಯದು. ಹಿಂದಿನ ವರ್ಷ ಆ ತೆನೆಗೆ ಬೇರೆ ಪರಾಗ ಸೋಕದಂತೆ ಕಾಗದದ ಚೀಲ ಕಟ್ಟಿದವಳು ಅವಳೇ. ಅಂಗೈಯಲ್ಲಿ ಉಜ್ಜಿ ಕಾಳು ಬಿಡಿಸಿದವಳೂ ಅವಳೇ, ಬಿತ್ತಿದವಳೂ ಅವಳೇ. ಹೊರಗಿನದು ಒಳಗೆ ಬರಲು ದಾರಿಯೇ ಇರಲಿಲ್ಲ.

“ಇದು ಬೆರಕೆಯಲ್ಲ,” ಎಂದಳು. “ಇದು ನನ್ನದೇ.”

ಇಷ್ಟು ಹೇಳುವ ಹೊತ್ತಿಗೆ ಗುರುಗಳು ಒರಗು ದಿಂಬು ಬಿಟ್ಟು ಮುಂದಕ್ಕೆ ಬಾಗಿದ್ದರು. ನಿರಂಜನನೂ ಬಾಗಿದ್ದ.

ಅವಳು ಮೊಣಕಾಲೂರಿ, ಸಡಿಲಾದ ಮಣ್ಣನ್ನು ಬೇರಿನ ಸುತ್ತ ಒತ್ತಿದಳು. ಕಾಲುವೆಯಿಂದ ಬೊಗಸೆಯಲ್ಲಿ ನೀರು ತಂದು ಹೊಯ್ದಳು. ಎಲೆಯ ಒಂದು ತುಣುಕನ್ನು ಚಿವುಟಿಕೊಂಡು, ಸೀರೆಯ ನೆರಿಗೆ ಎತ್ತಿ ಹಿಡಿದು, ಬದುವಿನ ಮೇಲೆ ಹುಡುಗಿಯ ಹಾಗೆ ಓಡಿದಳು. ನೋಡಿದವರು ಹಾವು ಕಂಡಿರಬೇಕು ಎಂದುಕೊಂಡರು.

ಆ ಗಿಡ ಬದುಕಿತು. ಪ್ರಯೋಗಶಾಲೆಯಲ್ಲಿ ಅದರ ಜೀನುಗಳನ್ನು ಗಿಡ್ಡ ಗೋಧಿಯ ಜೀನುಗಳ ಪಕ್ಕದಲ್ಲಿಟ್ಟು ಓದಿದಳು. ಇದಕ್ಕೆ ಎಲ್ಲಿಂದಲೋ ಹೊಸ ಶಕ್ತಿಯೊಂದು ಬಂದಿರಬೇಕು ಎಂಬುದು ಅವಳ ನಿರೀಕ್ಷೆ. ಹೊಸದು ಏನೂ ಇರಲಿಲ್ಲ. ಇದ್ದ ಒಂದು ಜೀನು ಕೆಟ್ಟುಹೋಗಿತ್ತು, ಅಷ್ಟೇ.

ಆ ಜೀನಿನ ಬೆನ್ನು ಹತ್ತಿದಳು. ಆಗ ಎಲ್ಲ ಬಿಚ್ಚಿಕೊಂಡಿತು. ಬೆಳೆಸುವ ಜೀನುಗಳು ಗಿಡ್ಡ ಗೋಧಿಯಲ್ಲಿ ಮೊದಲಿನಿಂದಲೂ ಇದ್ದವು, ಸಿದ್ಧವಾಗಿಯೇ ಇದ್ದವು. ಅವುಗಳ ಬಾಗಿಲಲ್ಲಿ ಒಬ್ಬ ಕಾವಲುಗಾರ ಕೂತು ‘ಬೇಡ, ಬೇಡ’ ಎನ್ನುತ್ತಿರುತ್ತಾನೆ. ಹಾರ್ಮೋನು ಬಂದು ಗಿಡಕ್ಕೆ ‘ಬೆಳೆ’ ಎಂದು ಹೇಳುವುದಿಲ್ಲ. ಕಾವಲುಗಾರನನ್ನು ಎಬ್ಬಿಸಿ ಕಳಿಸುತ್ತದೆ. ಬೆಳೆಯುವುದು ಗಿಡದ ಸ್ವಂತ ಕೆಲಸ. ಗಿಡ್ಡ ಗೋಧಿಯ ಕಾವಲುಗಾರ ಹಟಮಾರಿ, ಹಾರ್ಮೋನು ಎಷ್ಟು ಬಂದರೂ ಏಳುವವನಲ್ಲ. ಸಾಲಿನ ನಡುವೆ ತಲೆಯೆತ್ತಿದ ಆ ಗಿಡದಲ್ಲಿ ಅವನನ್ನು ಹುಟ್ಟಿಸುವ ಜೀನೇ ಮುರಿದಿತ್ತು.

ಅವಳು ಒಬ್ಬಳೇ ಕೂತು ನಕ್ಕಳು. ನಗು ತಡೆಯಲಾಗದೆ ಸಹೋದ್ಯೋಗಿಯ ಕೋಣೆಗೆ ಹೋದಳು. ಕೊನೆಗೂ ಏನು ಸೇರಿಸಿದಿರಿ ಎಂದು ಅವನು ಕೇಳಿದ. ಏನೂ ಇಲ್ಲ, ಕೀಳುವುದನ್ನು ನಿಲ್ಲಿಸಿದೆ ಎಂದಳು. ಅವನು ತಮಾಷೆ ಮಾಡಲಿಲ್ಲ. ಅವಳು ತೋರಿಸಿದ್ದನ್ನು ಎರಡು ಸಲ ನೋಡಿದ, ಆಮೇಲೆ ಆ ಮಡಿ ತನಗೆ ಬೇಡವೆಂದು ಹೇಳಲು ತಾನೇ ಮೇಲಿನವರ ಬಳಿಗೆ ಹೊರಟ.

ಗುರುಗಳು ನಿಲ್ಲಿಸಿದರು. ನಿರಂಜನನ ಕಣ್ಣು ಮಿನುಗುತ್ತಿತ್ತು. ಹಿಂದಿನ ವರ್ಷಗಳಲ್ಲಿ ಅವಳು ಕಿತ್ತೆಸೆದಳಲ್ಲ, ಆ ಗಿಡಗಳು ಏನಾದವು ಎಂದು ಅವನು ಆತುರದಿಂದ ಕೇಳಿದ.

ಗುರುಗಳು ಹೇಳಿದರು: “ಅವು ದನದ ಪಾಲಾದವು, ನೀನು ಮಾತ್ರ ನಾಳೆಗೆಂದು ಬರೆದು, ಗ್ರಂಥದಲ್ಲಿಲ್ಲವೆಂದು ಗೀಟು ಹಾಕಿ ಹೊಡೆದ ಮಾತುಗಳನ್ನು ಈಗ ನನಗೆ ಓದಿ ಹೇಳು.”