ಪಿಳ್ಳಪ್ಪ ಗಪ್ಪಿ ಸಾಕಿದ್ದು

ಕೋಲಾರದ ಕಡೆ ಒಂದೂರು. ಆ ಊರಲ್ಲೊಬ್ಬಳು ಚಿಕ್ಕತಾಯಮ್ಮ. ಅವಳಿಗೊಬ್ಬನೇ ಮಗ, ಪಿಳ್ಳಪ್ಪ. ಮೂವತ್ತು ದಾಟಿದ್ದರೂ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ತೊಂದರೆ.

ಚಿಕ್ಕತಾಯಮ್ಮನ ತವರು ದೂರದ ತಿರುಮಕೂಡಲು. ಕಪಿಲೆ ಬಂದು ಕಾವೇರಿಗೆ ಸೇರುವ ಜಾಗ. ಮದುವೆಯಾಗಿ ಬಂದು ನಲವತ್ತು ವರ್ಷ ಕೊಳವೆಬಾವಿಯ ಗಡಸು ನೀರು ಕುಡಿದರೂ ಆ ಹೊಳೆನೀರಿನ ರುಚಿ ಅವಳ ನಾಲಿಗೆ ಬಿಟ್ಟಿರಲಿಲ್ಲ. ಸಾಯುವುದರೊಳಗೆ ಒಂದು ಸಲ ಹೋಗಿ ಬೊಗಸೆ ತುಂಬ ಕುಡಿಯಬೇಕು, ಅದೊಂದೇ ಆಸೆ. ಕಣ್ಣು ಮಂಜು, ಒಬ್ಬಳೇ ಹೋಗಲಾರಳು. ಪಿಳ್ಳಪ್ಪನ ಜೊತೆ ಹೊರಟರೆ ಯಾವ ಬಸ್ಸು ಹತ್ತಿಸುತ್ತಾನೋ.

ತವರಿನ ಕಲ್ಲುತೊಟ್ಟಿಯಲ್ಲಿ ಸೊಳ್ಳೆಮರಿ ತಿನ್ನಲೆಂದು ಬಿಟ್ಟಿದ್ದ ಗಪ್ಪಿ ಮೀನುಗಳು ಅವಳಿಗೆ ನೆನಪಾದವು. ಅಂಥವೇ ನಾಲ್ಕನ್ನು ಗಾಜಿನ ತೊಟ್ಟಿಗೆ ಬಿಡಿಸಿ ಮಗನಿಗೆ ಹೇಳಿದಳು: "ಯುಗಾದಿವರೆಗೆ ಇವನ್ನು ಬದುಕಿಸು. ಆಮೇಲೆ ನಿನ್ನನ್ನು ನಂಬಿ ತವರಿಗೆ ಹೊರಡ್ತೀನಿ."

"ಆಗಲಿ ಅಮ್ಮ, ಹಾಗೇ ಮಾಡ್ತೀನಿ."

ನೀರು ಕೊಳೆಯಾದರೆ ಬದಲಿಸು ಅಂದಿದ್ದಳು. ಪಿಳ್ಳಪ್ಪ ಇದ್ದ ನೀರನ್ನೆಲ್ಲ ಚೆಲ್ಲಿ, ಬ್ಲೀಚಿಂಗ್ ಪುಡಿಯ ವಾಸನೆ ಹೊಡೆಯುವ ನಲ್ಲಿನೀರನ್ನು ಬಿಂದಿಗೆಯಿಂದ ನೇರ ಸುರಿದ. ಎರಡು ಮೀನು ಸತ್ತವು.

"ಅಯ್ಯೋ ಪೆದ್ದೇ, ಹೊಸದಾಗಿ ಬಂದದ್ದನ್ನು ತಕ್ಷಣ ಒಳಗೆ ಬಿಡ್ತಾರೇನೋ? ಒಂದು ದಿನ ಹೊರಗೆ ಬಿಸಿಲಲ್ಲಿ ಇಡಬೇಕು."

"ಆಗಲಿ ಅಮ್ಮ, ಇನ್ನು ಹಾಗೇ ಮಾಡ್ತೀನಿ."

ಗಪ್ಪಿ ತನ್ನ ಮರಿಯನ್ನು ತಾನೇ ತಿನ್ನುತ್ತದೆ. ಮರಿ ಅಡಗಿಕೊಳ್ಳಲು ದಟ್ಟವಾದ ನೀರುಗಿಡ ಬೇಕು. ಸಾಕುಮೀನಿನ ಅಂಗಡಿಯ ಇನಾಯತ್ ಸಾಬರಿಂದ ತಾ ಎಂದು ಕಳಿಸಿದಳು. ತಂದವನು, ಹೊಸದಾಗಿ ಬಂದದ್ದಲ್ಲವೇ ಎಂದು ಗಿಡವನ್ನು ತಾರಸಿಯ ಬಿಸಿಲಿಗೆ ಹರಡಿದ. ಅದೇ ದಿನ ಬಂದ ಸೋದರತ್ತೆಯನ್ನೂ ಒಳಗೆ ಬಿಡದೆ ಅಲ್ಲೇ ಕೂರಿಸಿದ. ಸಂಜೆಗೆ ಗಿಡ ಹಪ್ಪಳವಾಗಿತ್ತು. ಅತ್ತೆ ಮಾತು ಬಿಟ್ಟಿದ್ದಳು.

"ಅಯ್ಯೋ ಪೆದ್ದೇ, ನೀರಲ್ಲಿ ಹುಟ್ಟಿದ್ದು ಹೊರಗೆ ಬದುಕುತ್ತೇನೋ? ಹುಟ್ಟಿದ ನೀರಲ್ಲೇ ಇಟ್ಟಿರಬೇಕು."

"ಆಗಲಿ ಅಮ್ಮ, ಇನ್ನು ಹಾಗೇ ಮಾಡ್ತೀನಿ."

ಸತ್ತ ಎರಡರ ಬದಲಿಗೆ ಇನ್ನೆರಡು ತರಿಸಿದಳು. ಪಿಳ್ಳಪ್ಪ ಅವನ್ನು ತೊಟ್ಟಿಗೆ ಬಿಡಲೇ ಇಲ್ಲ. ಅಂಗಡಿಯ ನೀರಿನ ಚೀಲವನ್ನು ಹಾಗೇ ಮೊಳೆಗೆ ನೇತುಹಾಕಿದ. ಮೂರನೆಯ ದಿನ ಮೀನು ಮಗುಚಿಕೊಳ್ಳುವ ಹೊತ್ತಿಗೆ ಸುದ್ದಿ ಕೇಳಿ ಇನಾಯತ್ ಸಾಬರೇ ಓಡಿಬಂದರು.

"ನೋಡು ಪಿಳ್ಳಪ್ಪ, ನಮ್ಮೂರ ಗಡಸು ನೀರು ಗಪ್ಪಿಗೆ ಚೆನ್ನಾಗೇ ಹಿಡಿಸುತ್ತೆ. ಆದರೆ ಒಂದು ನೀರಿಂದ ಇನ್ನೊಂದಕ್ಕೆ ಒಮ್ಮೆಲೇ ಹಾಕಿದರೆ ಸಾಯುತ್ತೆ. ಹಳೇ ನೀರಿಗೆ ಹೊಸದನ್ನ ಲೋಟ ಲೋಟವಾಗಿ ಬೆರೆಸು. ಒಗ್ಗಿದ ಮೇಲೆ ಬಿಟ್ಟುಬಿಡು."

ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ನನಗೆ ಯಾರೂ ಹಾಗೆ ಬೆರೆಸಲಿಲ್ಲ ಸಾಬರೇ," ಅಂದಳು. "ಒಮ್ಮೆಲೇ ತಂದು ಸುರಿದರು."

ಈ ಸಲ ಪಿಳ್ಳಪ್ಪ ಹೇಳಿದ ಹಾಗೇ ಮಾಡಿದ, ಮೀನು ಬದುಕಿದವು. ಬೇರೆ ನೀರುಗಿಡ ತಂದು ಹಾಕಿದ, ಅದೂ ಹಬ್ಬಿತು. ಯುಗಾದಿಗೆ ಗಿಡದ ಸಂದಿಯಲ್ಲಿ ಸಾಸಿವೆಯಷ್ಟು ಕಣ್ಣುಗಳ ಹನ್ನೊಂದು ಮರಿ. ಚಿಕ್ಕತಾಯಮ್ಮ ಮಾತಿಗೆ ತಪ್ಪಲಿಲ್ಲ. ತೊಟ್ಟಿಯನ್ನು ಸಾಬರಿಗೆ ಒಪ್ಪಿಸಿ ಹೊರಟಳು. ಬಸ್ಸೂ ಸರಿಯಾದದ್ದೇ ಸಿಕ್ಕಿತು. ಮಗನ ಕೈಯಲ್ಲಿ ಒಂದು ದೊಡ್ಡ ಕ್ಯಾನು ಇತ್ತು. ಏನೆಂದು ಅವಳು ಕೇಳಲಿಲ್ಲ.

ಸಂಗಮದ ಸೋಪಾನ ಇಳಿದು ಬೊಗಸೆ ಒಡ್ಡಿದಳು. ಪಿಳ್ಳಪ್ಪ ಕೈ ಹಿಡಿದ.

"ಒಮ್ಮೆಲೇ ಬೇಡಮ್ಮ. ಸತ್ತುಹೋಗ್ತೀಯ."

ಕ್ಯಾನಿನಲ್ಲಿ ಇದ್ದದ್ದು ಊರಿನ ಗಡಸು ನೀರು. ಮೊದಲ ಲೋಟಕ್ಕೆ ಹೊಳೆನೀರು ಒಂದು ಗುಟುಕು ಬೆರೆಸಿ ಕುಡಿಸಿದ. ಎರಡನೆಯದಕ್ಕೆ ಎರಡು ಗುಟುಕು. "ಅಯ್ಯೋ ಪೆದ್ದೇ" ಅನ್ನಲು ಬಾಯಿ ತೆರೆದವಳು ಮುಂದಿನ ಲೋಟಕ್ಕೆ ಕೈ ಚಾಚಿದಳು.

"ನಲವತ್ತು ವರ್ಷದ ಹಿಂದೆ ನೀನೆಲ್ಲಿದ್ದೆಯೋ ಮಗಾ," ಅಂದಳು.

ಲೋಟದ ಮೇಲೆ ಲೋಟ ಹೋಯಿತು. ಕೊನೆಯದರಲ್ಲಿ ಬರೀ ಹೊಳೆ ಇತ್ತು. ಅವಳು ಕಣ್ಣು ಮುಚ್ಚಿ ಕುಡಿದಳು.

"ಒಗ್ಗಿತಾ ಅಮ್ಮ?"

"ಒಗ್ಗಿತು ಕಣಪ್ಪ."

ಅಷ್ಟು ಅಂದದ್ದೇ ತಡ, ಪಿಳ್ಳಪ್ಪ ಅವಳನ್ನು ಎರಡೂ ಕೈಯಲ್ಲಿ ಎತ್ತಿ ಹೊಳೆಗೆ ಬಿಟ್ಟುಬಿಟ್ಟ.

ಅಲ್ಲಿ ನೀರು ಎದೆಮಟ್ಟ. ಚಿಕ್ಕತಾಯಮ್ಮ ಮುಳುಗಿ ಎದ್ದಳು. ಬೈಯಲಿಲ್ಲ, ಮೇಲೆ ಬಾ ಎಂದು ಜನ ಕರೆದರೂ ಬರಲಿಲ್ಲ. ಬೊಗಸೆ ಬೊಗಸೆಯಾಗಿ ಕುಡಿಯುತ್ತಾ ಅಲ್ಲೇ ನಿಂತಳು. ಪಿಳ್ಳಪ್ಪ ಮೆಟ್ಟಿಲ ಮೇಲೆ ಕೂತು, ಅಮ್ಮ ಅಡಗಿಕೊಳ್ಳಲು ಇಲ್ಲಿ ನೀರುಗಿಡ ಸಾಲದಲ್ಲ ಎಂದು ಯೋಚಿಸುತ್ತಿದ್ದ.