ಗಿಡದ ಗಳಿಗೆಬಟ್ಟಲು

“ತಾಯೀ, ಒಳ್ಳೆಯ ಕೆಲಸಕ್ಕಾಗಿ ತಡ ಮಾಡಿದರೆ ಅದೂ ತಪ್ಪೇ?” ಎಂದು ಬಸಲಿಂಗ ತನ್ನ ಗುರು ಚೆನ್ನಾಂಬೆಯನ್ನು ಕೇಳಿದ.

ಅಮಾವಾಸ್ಯೆಗೆ ಇನ್ನು ಮೂರೇ ದಿನವಿತ್ತು. ಅವನ ಊರು ಎರಡು ದಿನದ ದಾರಿ. ಮನೆಯಿಂದ ಹೊರಡುವಾಗ ಎಲ್ಲರಂತೆ ಬರಿದೇ ಹೋಗಿಬರುತ್ತೇನೆ ಎಂದಿರಲಿಲ್ಲ. ಅಮಾವಾಸ್ಯೆಗೆ ಮನೆಯಲ್ಲಿರುತ್ತೇನೆ ಎಂದು ಹೆಂಡತಿ ಗೌರವ್ವನಿಗೆ ದಿನ ಹೇಳಿ ಬಂದಿದ್ದ. ಅಲ್ಲಿಯವರೆಗೆ ಅವಳಿಗೂ ಎರಡು ಮಕ್ಕಳಿಗೂ ಆಗುವಷ್ಟು ಜೋಳ ಗುಡಾಣದಲ್ಲಿತ್ತು. ಈಗ ಗುರುವಿನ ಬಳಿಯೇ ಇನ್ನು ಹದಿನೈದು ದಿನ ಇದ್ದು ಕಲಿಯುವ ಆಸೆ ಹುಟ್ಟಿತ್ತು. ಗೌರವ್ವ ಗಟ್ಟಿಗಿತ್ತಿ, ಹೇಗೋ ನಿಭಾಯಿಸುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ. ಈ ಸಲ ಮನೆಯಿಂದ ಗೊತ್ತು ಮಾಡಿದ ದಿನಕ್ಕಿಂತ ನಾಲ್ಕು ದಿನ ಮೊದಲೇ ಹೊರಟುಬಿಟ್ಟಿದ್ದ. ಆಗಲೂ ಅವಳು ಅಷ್ಟೇ ಜೋಳದಲ್ಲಿ ಹೊಂದಿಸಿಕೊಳ್ಳುತ್ತೇನೆ ಎಂದಿದ್ದಳು. ಇದೆಲ್ಲವನ್ನೂ ಚೆನ್ನಾಂಬೆಗೆ ವಿವರವಾಗಿ ಹೇಳಿದ.

ಚೆನ್ನಾಂಬೆ ಹತ್ತು ನಾಡು ತಿರುಗಿದ ಮುದುಕಿ. ಹೋಗಿಬರುತ್ತೇನೆ ಎಂದು ಹೋದವರು ಇನ್ನೂ ಬಾರದಿರುವ ಮನೆಗಳಲ್ಲೇ ಅವಳು ಹೆಚ್ಚು ಉಂಡಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುವ ಅಭ್ಯಾಸ ಅವಳಿಗಿರಲಿಲ್ಲ. ಕೂತುಕೋ ಎಂದು, ಒಂದು ಕತೆ ಹೇಳಿದಳು.

ಒಬ್ಬ ವ್ಯಾಪಾರಿ ಒಬ್ಬ ತೋಟಗಾತಿಯಿಂದ ಹಿಪ್ಪುನೇರಳೆ ಸಸಿಗಳನ್ನು ಕೊಂಡ. ದೂರದ ನಾಡಿನಲ್ಲಿ ರೇಷ್ಮೆಹುಳು ಸಾಕುವವರಿಗೆ ಅವು ಬೇಕಾಗಿದ್ದವು. ಸಸಿಗಳನ್ನು ಮುಚ್ಚಳದ ಬುಟ್ಟಿಗಳಲ್ಲಿಟ್ಟು ಎತ್ತಿನ ಮೇಲೆ ಹೇರಿದ. ತೋಟಗಾತಿ ಹೇಳಿದ್ದು ಒಂದೇ ಮಾತು: ಹೊತ್ತು ಮುಳುಗಿದಾಗ ಮುಚ್ಚು, ಹೊತ್ತು ಹುಟ್ಟಿದಾಗ ತೆರೆ.

ವ್ಯಾಪಾರಿ ಎಲ್ಲವನ್ನೂ ಕೆದಕಿ ನೋಡುವ ಮನುಷ್ಯ. ಹಾಲಿಗೆಂದು ಜೊತೆಯಲ್ಲಿ ಒಂದು ಆಡು ಕಟ್ಟಿಕೊಂಡಿದ್ದ. ಸಂಜೆ ಕಿತ್ತುಕೊಟ್ಟ ಎಲೆಯನ್ನು ಆಡು ಚಪ್ಪರಿಸಿ ತಿನ್ನುತ್ತಿತ್ತು. ಅದೇ ಗಿಡದ ಎಲೆಯನ್ನು ಬೆಳಗಿನ ಜಾವ ಕೊಟ್ಟರೆ ಮೂಸಿ ಮುಖ ತಿರುಗಿಸುತ್ತಿತ್ತು. ರಾತ್ರಿ ಬುಟ್ಟಿಯೊಳಗೆ ಎಲೆಯ ರುಚಿಯನ್ನು ತಿಂದವರು ಯಾರು? ಅವನಿಗೆ ಬಗೆಹರಿಯಲಿಲ್ಲ.

ಘಾಟಿ ಹತ್ತುವಾಗ ಬಿರುಗಾಳಿ ಎದ್ದಿತು. ಹೊತ್ತು ಮುಳುಗಲು ಇನ್ನೂ ಆರು ಗಳಿಗೆ ಇರುವಾಗಲೇ ಬುಟ್ಟಿ ಮುಚ್ಚಬೇಕಾಯಿತು. ಸಸಿಗಳು ಉಳಿಯಲಾರವು ಎಂದು ಹೆದರಿದ. ಹೊತ್ತು ಹುಟ್ಟಿದಾಗ ತೆರೆದು ನೋಡಿದರೆ ಹಸಿರಾಗಿಯೇ ನಿಂತಿದ್ದವು. ನಾಲ್ಕು ದಿನ ಹೀಗೇ ನಡೆಯಿತು. ಇವಕ್ಕೆ ಆರು ಗಳಿಗೆಯ ಹೆಚ್ಚಿನ ಕತ್ತಲೆ ಯಾವ ಲೆಕ್ಕ ಎಂದುಕೊಂಡ.

ಘಾಟಿ ಇಳಿದ ಊರಿನಲ್ಲಿ ಮುಂಜಾನೆಯೇ ಪುರಾಣ ಓದಿಸುತ್ತಿದ್ದರು. ಕೇಳಿದರೆ ಪುಣ್ಯ. ವ್ಯಾಪಾರಿ ಹೋಗಿ ಕುಳಿತ. ಆರು ಗಳಿಗೆ ಹೊತ್ತೇರಿದ ಮೇಲೆ ಬಂದು ಬುಟ್ಟಿ ತೆರೆಯುತ್ತಿದ್ದ, ಸಂಜೆ ಮಾತ್ರ ಹೊತ್ತಿಗೆ ಸರಿಯಾಗಿ ಮುಚ್ಚುತ್ತಿದ್ದ. ನಾಲ್ಕನೆಯ ದಿನ ಎಲೆಗಳು ಹಳದಿಯಾಗಿದ್ದವು. ಅರ್ಧದಷ್ಟು ಉದುರಿ ಬುಟ್ಟಿಯ ತಳ ಸೇರಿದ್ದವು.

ವ್ಯಾಪಾರಿ ಬಂದ ದಾರಿಯಲ್ಲೇ ಹಿಂದಿರುಗಿ ತೋಟಗಾತಿಯ ಮುಂದೆ ಬುಟ್ಟಿ ಸುರಿದ. ಅಲ್ಲಿಯೂ ನಾಲ್ಕು ದಿನ, ಇಲ್ಲಿಯೂ ನಾಲ್ಕು ದಿನ; ಅಲ್ಲಿಯೂ ಆರು ಗಳಿಗೆ, ಇಲ್ಲಿಯೂ ಆರು ಗಳಿಗೆ; ಆಗ ತಾಳಿದ ಗಿಡ ಈಗ ಸೊರಗಿದ್ದೇಕೆ ಎಂದು ಜಗಳಕ್ಕೆ ನಿಂತ.

ತೋಟಗಾತಿ ಉದುರಿದ ಎಲೆಗಳನ್ನು ಆರಿಸುತ್ತ ಹೇಳಿದಳು: “ಗಿಡದ ಒಡಲಲ್ಲಿ ಒಂದು ಗಳಿಗೆಬಟ್ಟಲು ಇದೆಯಪ್ಪ, ಹೊತ್ತು ಅಳೆಯುವುದಕ್ಕೆ. ಬಿಸಿಲಿರುವಾಗ ಗಿಡ ಅಡುಗೆ ಮಾಡಿ ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕತ್ತಲಾದ ಕೂಡಲೇ ನೋಡುತ್ತದೆ, ಇಟ್ಟದ್ದು ಎಷ್ಟಿದೆ, ಬೆಳಗು ಎಷ್ಟು ದೂರವಿದೆ. ಅಷ್ಟಕ್ಕೆ ಇಷ್ಟು ಎಂದು ಹಂಚಿಕೊಂಡು ಉಣ್ಣುತ್ತದೆ. ನೀನು ಬೇಗ ಮುಚ್ಚಿದೆ. ಅದು ತುತ್ತು ಚಿಕ್ಕದು ಮಾಡಿಕೊಂಡಿತು. ಬೆಳಗಾಗುವ ಹೊತ್ತಿಗೆ ಮಡಕೆ ಬಳಿದಿಟ್ಟಿತು.”

“ಒಂದು ಹಿಡಿ ಉಳಿಸಿಕೊಂಡಿದ್ದರೆ ಏನಾಗುತ್ತಿತ್ತು?”

“ಎಳೆಯ ಗಿಡ ರಾತ್ರಿಯೂ ಬೆಳೆಯಬೇಕಲ್ಲ. ಉಳಿಸುತ್ತ ಕೂತರೆ ಬೆಳೆಯುವುದು ಯಾವಾಗ? ಸೂರ್ಯ ಇದುವರೆಗೆ ಅದಕ್ಕೆ ಮಾತು ತಪ್ಪಿಲ್ಲ. ಬುಟ್ಟಿಯೊಳಗೆ ಹಾಕಿದ ಮೇಲೆ ಅದಕ್ಕೆ ಸೂರ್ಯ ನೀನೇ ಆಗಿದ್ದೆ. ಆಮೇಲೆ ನೀನು ತಡವಾಗಿ ತೆರೆದೆ. ಮಡಕೆ ಬಳಿದಾದ ಮೇಲೆ ಚಿಕ್ಕದು ಮಾಡಿಕೊಳ್ಳುವುದಕ್ಕೆ ತುತ್ತು ಎಲ್ಲಿತ್ತು?”

ಚೆನ್ನಾಂಬೆ ಕತೆ ನಿಲ್ಲಿಸಿದಳು.

ಬಸಲಿಂಗ ತಾನು ಏನು ಕೇಳಿದ್ದೆನೆಂಬುದನ್ನೇ ಮರೆತಿದ್ದ. ಎಣಿಸಲು ಬೆರಳೇ ಇಲ್ಲದ ಗಿಡ ಹಂಚುವುದನ್ನು ಕಲಿತದ್ದು ಹೇಗೆ ಎಂದು ಕೇಳಿದ. ಬೆಳಗು ದೂರವಿದೆಯೋ ಹತ್ತಿರವಿದೆಯೋ ಎಂಬುದು ಕತ್ತಲೆಯಲ್ಲಿ ಅದಕ್ಕೆ ತಿಳಿಯುವುದು ಹೇಗೆ ಎಂದು ಕೇಳಿದ. ಎಲ್ಲ ಗಿಡಗಳೂ ಹೀಗೆಯೋ, ಹಿಪ್ಪುನೇರಳೆ ಮಾತ್ರವೋ ಎಂದೂ ಕೇಳಿದ. ಹದಿನೈದು ದಿನವಲ್ಲ, ತಿಂಗಳಿದ್ದರೂ ಇಲ್ಲಿ ಕಲಿಯುವುದು ಮುಗಿಯದು ಎಂದ. ಚೆನ್ನಾಂಬೆ ಅವನ ಪ್ರಶ್ನೆಗಳೆಲ್ಲ ಮುಗಿಯುವವರೆಗೆ ಕಾದಳು.

“ಬಸಲಿಂಗ, ಗೌರವ್ವ ಗುಡಾಣದ ತಳ ಬಳಿಯುವುದು ಯಾವ ದಿನ?”

ಬಸಲಿಂಗ ಅಮಾವಾಸ್ಯೆಗೆ ಉಳಿದ ದಿನಗಳನ್ನು ಬೆರಳಲ್ಲಿ ಎಣಿಸಿದ, ಎದ್ದು ಗಂಟು ಕಟ್ಟತೊಡಗಿದ.