ನವಿಲು ಬರೆದ ಬೆನ್ನುಡಿ

ಗೀಜಗವೊಂದು ಗೂಡು ಹೆಣೆಯುವುದರ ಬಗ್ಗೆ ಪುಸ್ತಕ ಬರೆದು ತಾನೇ ಅಚ್ಚು ಹಾಕಿಸಿತು. "ಇಂಥ ಪುಸ್ತಕ ಇನ್ನೊಂದಿಲ್ಲ" ಎಂದು ನವಿಲು ಓದದೆಯೇ ಬೆನ್ನುಡಿ ಬರೆದುಕೊಟ್ಟಿತು.

ಗುಬ್ಬಿ ಒಂದು ಪ್ರತಿ ಎರವಲು ಪಡೆದು ಪೂರ್ತಿ ಓದಿ ಬಂದಿತು. "ಅಣ್ಣಾ, ನಿನ್ನ ಪುಸ್ತಕ ನೋಡಿಕೊಂಡೇ ಗೂಡು ಕಟ್ಟಿದೆ. ಗಟ್ಟಿಯಾಗಿದೆ. ಮೂರನೇ ಅಧ್ಯಾಯದ ಗಂಟು ಮಾತ್ರ ಗಾಳಿಗೆ ಸಡಿಲವಾಗುತ್ತದೆ. ಹೀಗೆಂದು ಎಲ್ಲರಿಗೂ ಹೇಳಲೇ?"

"ಬಾಯಿ ಮುಚ್ಚಿಕೊಂಡಿರು!" ಎಂದು ಗೀಜಗ ಹಕ್ಕಿಗಳೆಲ್ಲ ನೋಡುತ್ತಿದ್ದಂತೆಯೇ ಅದನ್ನು ಕುಕ್ಕಿ ಓಡಿಸಿತು.

ಒಂದು ಪ್ರತಿಯೂ ಮಾರಾಟವಾಗಲಿಲ್ಲ. ಕಾಗೆ ಬೆನ್ನುಡಿ ನೋಡಿ ನಕ್ಕಿತು: "ನೆಲದ ಮೇಲೆ ಮೊಟ್ಟೆಯಿಡುವ ನವಿಲಿನ ಮಾತು ನಂಬಿ ಗೂಡಿನ ಪುಸ್ತಕ ಕೊಳ್ಳಲೇ?"

ಗೀಜಗ ಗುಬ್ಬಿಯ ಬಳಿ ಹೋಗಿ ಅಂಗಲಾಚಿತು: "ಅಂದು ನನಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳು, ತಂಗಿ."

"ಹೇಳುತ್ತೇನೆ ಅಣ್ಣಾ. ಆದರೆ ನೀನು ನನ್ನನ್ನು ಕುಕ್ಕಿದ್ದನ್ನು ಎಲ್ಲರೂ ನೋಡಿದ್ದಾರೆ. ಇನ್ನು ನಾನು ಏನು ಹೊಗಳಿದರೂ, ಹೆದರಿಕೊಂಡು ಹೊಗಳುತ್ತಿದ್ದಾಳೆ ಎನ್ನುತ್ತಾರೆ."